ಕರಡಿಗೆ ಪಿಸ್ತೂಲು ಮದ್ದಲ್ಲ

ಕರಡಿ ದಾಳಿಯ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: “ಕಾಡಂಚಿನ ರೈತರಿಗೆ ಸರಕಾರ ಒಂದೊಂದು ಪಿಸ್ತೂಲು ಕೊಟ್ಟುಬಿಟ್ಟರೆ ಮುಗೀತಲ್ರೀ!” ಅಮೆರಿಕದ ಕಾಡುಗಳಲ್ಲಿ ಜನ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ತಿರುಗುವುದನ್ನು ಟಿ.ವಿ.ಯಲ್ಲಿ ನೋಡಿದ ಮಕ್ಕಳೂ ವರ್ಗದಲ್ಲಿ ಇದನ್ನೇ ಕೇಳುತ್ತಾರೆ. ಕೇಳಲಿ, ಒಳ್ಳೆಯ ಪ್ರಶ್ನೆಯೇ.

ಡಫಳಾಪುರದ ಬಯಲಿನಲ್ಲಿ ಕುಳಿತ ನಮಗೇಕೆ ಕರಡಿಯ ಚಿಂತೆ ಎನ್ನಬೇಡಿ. ನಮ್ಮದೇ ಸಾಂಗಲಿ ಜಿಲ್ಲೆಯ ಪಶ್ಚಿಮದ ತುದಿಯಲ್ಲಿರುವ ಚಾಂದೋಲಿ ಕಾಡಿನಲ್ಲಿ ಕರಡಿಗಳಿವೆ. ಶಾಲಾ ಪ್ರವಾಸಕ್ಕೆ ಹಂಪಿಗೆ ಹೋದರೆ ಅಲ್ಲಿಂದ ಹತ್ತಿರವೇ 1994ರಲ್ಲಿ ಆದ ದರೋಜಿ ಕರಡಿಧಾಮ. ಬಳ್ಳಾರಿ, ವಿಜಯನಗರ, ಕೊಪ್ಪಳ ಜಿಲ್ಲೆಗಳ ಕಲ್ಲುಗುಡ್ಡಗಳ ಬುಡದಲ್ಲಿ ಹೊಲ ಮಾಡುವವರಿಗೆ ಕರಡಿ ನೆರೆಹೊರೆಯ ಪ್ರಾಣಿ. ಅದು ಮೈಮೇಲೆ ಬಿದ್ದರೆ ಹೆಚ್ಚಾಗಿ ತಲೆ, ಮುಖಕ್ಕೇ ಉಗುರು ಹಾಕುತ್ತದೆ. ಜೀವ ಉಳಿದವರೂ ಕಣ್ಣು ಕಳೆದುಕೊಂಡದ್ದುಂಟು. ಅವರ ಭಯವನ್ನು ಹಗುರ ಮಾಡಿ ಮಾತಾಡುವುದು ತಪ್ಪು.

ಮೊದಲು ಕಾಯದೆ ನೋಡೋಣ. 1959ರ ಶಸ್ತ್ರಾಸ್ತ್ರ ಕಾಯದೆಯಂತೆ ಪಿಸ್ತೂಲಿಗೆ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದರೂ ಅಭಯಾರಣ್ಯದೊಳಗೆ ಆಯುಧ ಒಯ್ಯಲು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಇದು 1972ರ ವನ್ಯಜೀವಿ ಕಾಯದೆಯ 31ನೇ ಕಲಮು. ಹಾಗಂತ ಕಾಯದೆ ಮನುಷ್ಯನನ್ನು ಕೈಬಿಟ್ಟಿಲ್ಲ. ಪ್ರಾಣಕ್ಕೇ ಬಂದಾಗ ಸದ್ಭಾವನೆಯಿಂದ ಆತ್ಮರಕ್ಷಣೆಗೆ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎಂದು 11ನೇ ಕಲಮು ಹೇಳುತ್ತದೆ.

ಸರಿ, ಕಾಯದೆ ಬದಿಗಿಡೋಣ. ಪಿಸ್ತೂಲು ಕೈಯಲ್ಲಿದೆ ಎಂದೇ ಇಟ್ಟುಕೊಳ್ಳಿ. ನಮ್ಮ ಕರಡಿಗೆ ಮೂಗು ಚುರುಕು, ಕಣ್ಣು ಕಿವಿ ಮಂದ. ತಲೆ ತಗ್ಗಿಸಿ ಗೆದ್ದಲು ಹುತ್ತ ಕೆದರುವಾಗ ಮನುಷ್ಯ ಬಂದದ್ದೇ ಅದಕ್ಕೆ ತಿಳಿಯುವುದಿಲ್ಲ. ತೀರಾ ಹತ್ತಿರವಾದಾಗ ಬೆಚ್ಚಿಬಿದ್ದು ಎರಗುತ್ತದೆ. ಮರಿ ಜೊತೆಗಿದ್ದರಂತೂ ಕೇಳಲೇಬೇಡಿ. ಆ ಒಂದೆರಡು ಕ್ಷಣದಲ್ಲಿ, ಕತ್ತಲಲ್ಲಿ, ನಡುಗುವ ಕೈಯಿಂದ ಗುರಿ ಹಿಡಿಯುವವರಾರು? ಗುಂಡು ತಪ್ಪಿ ಪಕ್ಕದ ಹೊಲದವನಿಗೆ ತಗುಲಿದರೆ? ಪಿಸ್ತೂಲು ಮನೆಗೂ ಬರುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ ಎಂಬುದನ್ನೂ ಮರೆಯಬಾರದು.

ಅಲಾಸ್ಕಾದಲ್ಲಿ ಬಂದೂಕು ಇಟ್ಟುಕೊಂಡವರಿಗೆ ಕರಡಿ ಎದುರಾದ 269 ಘಟನೆಗಳನ್ನು ಅಭ್ಯಾಸ ಮಾಡಿ ಸಂಶೋಧಕರು 2012ರಲ್ಲಿ ವರದಿ ಪ್ರಕಟಿಸಿದರು. ಗುಂಡು ಹಾರಿಸಿ ಕರಡಿಯನ್ನು ತಡೆದವರು ಅದರಲ್ಲಿ ಬಹಳ ಜನ ಇದ್ದಾರೆ, ನಿಜ. ಆದರೆ ಬಂದೂಕು ಬಳಸಿದವರಿಗೂ, ಇದ್ದೂ ಬಳಸದವರಿಗೂ ಆದ ಸಾವುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ! ಬಂದೂಕಿನ ದೇಶದ ಕಥೆಯೇ ಹೀಗಿದೆ ನೋಡಿ.

ಹಾಗಾದರೆ ರೈತ ಏನು ಮಾಡಬೇಕು? ಆತ ಕರಡಿಗೆ ಎದುರಾಗುವುದು ಯಾವಾಗ ಎಂದು ಮೊದಲು ಕೇಳೋಣ. ಕರಡಿ ಹಗಲು ಬಂಡೆಗಳ ಸಂದಿಯಲ್ಲಿ ಮಲಗಿ, ಸಂಜೆಯಾದ ಮೇಲೆ ಇಳಿಯುತ್ತದೆ. ಅದೇ ಹೊತ್ತಿಗೆ ರೈತ ಮೋಟರು ಚಾಲೂ ಮಾಡಲು ಒಬ್ಬನೇ ಹೊರಡುತ್ತಾನೆ. ಯಾಕೆ? ತ್ರೀ ಫೇಸ್ ಕರೆಂಟು ಬರುವುದೇ ರಾತ್ರಿ! ಜತ್ ತಾಲೂಕಿನ ನಮಗೆ ಈ ಕಷ್ಟ ಬಿಡಿಸಿ ಹೇಳಬೇಕೆ? ನಮ್ಮಲ್ಲಿ ಹಾವು, ಅಲ್ಲಿ ಕರಡಿ, ಅಷ್ಟೇ ಫರಕು. ಹಗಲು ಕರೆಂಟು ಕೊಡಲೆಂದು ಮಹಾರಾಷ್ಟ್ರದಲ್ಲಿ ಸೌರ ಕೃಷಿ ವಾಹಿನಿ ಯೋಜನೆ 2017ರಲ್ಲೇ ಶುರುವಾಯಿತು. ಇಂಥದ್ದು ಕಾಡಂಚಿನ ಪ್ರತಿ ಹೊಲಕ್ಕೂ ಮುಟ್ಟಿದರೆ ಎಷ್ಟು ಜೀವ ಉಳಿದಾವು!

ಉಳಿದದ್ದು ನಮ್ಮ ಕೈಯಲ್ಲೇ ಇದೆ. ಕತ್ತಲಲ್ಲಿ ಒಂಟಿಯಾಗಿ ಹೋಗಬಾರದು. ಬ್ಯಾಟರಿ, ಕೋಲು ಜೊತೆಗಿರಲಿ. ಗಟ್ಟಿಯಾಗಿ ಮಾತಾಡುತ್ತ ನಡೆದರೆ ಕರಡಿ ತಾನೇ ದೂರ ಸರಿಯುವ ಸಂಭವ ಹೆಚ್ಚು. ಮರಿ ಕಂಡರೆ ಹತ್ತಿರ ಸುಳಿಯಬಾರದು. ಮನೆಗೊಂದು ಶೌಚಾಲಯ ಇದ್ದರೆ ನಸುಕಿನಲ್ಲಿ ಹೆಂಗಸರು ಪೊದೆಯ ಕಡೆ ಹೋಗುವುದೂ ತಪ್ಪುತ್ತದೆ.

ಪಿಸ್ತೂಲು ಕೇಳುವುದು ಸುಲಭ, ಹಗಲು ಕರೆಂಟು ಕೇಳಿ ಪಡೆಯುವುದು ಕಷ್ಟ. ಆದರೂ ಮಕ್ಕಳಿಗೆ ಎರಡನೆಯದನ್ನೇ ಕೇಳಲು ಕಲಿಸೋಣ. ಏನಂತೀರಿ?