ಕಾರಿನ ಮೌನವ್ರತ

ಮುನಿಸಿಕೊಂಡ ಮನುಷ್ಯರನ್ನು ಮಾತನಾಡಿಸುವುದು ಕಷ್ಟವೆಂದು ಎಲ್ಲರೂ ಬಲ್ಲರು. ಮುನಿಸಿಕೊಂಡ ಯಂತ್ರಗಳನ್ನು ಮಾತನಾಡಿಸುವುದು ಅದಕ್ಕಿಂತಲೂ ಕಷ್ಟವೆಂಬುದು ಇತ್ತೀಚೆಗೆ ನನಗೆ ಮನವರಿಕೆಯಾಯಿತು.

ಮಗಳನ್ನು ಕರೆತರಲೆಂದು ಬೆಳಗಿನ ಜಾವ ದೊಡ್ಡಬಳ್ಳಾಪುರದ ನಮ್ಮ ಮನೆಯಿಂದ ಹೊರಟು, ದೇವನಹಳ್ಳಿಯ ಬಳಿಯ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುತ್ತಿದ್ದೆ. ನಡುದಾರಿಯಲ್ಲಿ ಫೋನು ಮೊರೆಯಿತು. ಎಂದಿನಂತೆ ಕಾರಿನ ಸ್ಟೀರಿಯೋದಲ್ಲಿ ಮಗಳ ದನಿ ಕೇಳಬೇಕಾಗಿತ್ತು, ಕೇಳಲಿಲ್ಲ. ಫೋನು ಜೇಬಿನಲ್ಲಿಯೇ ಕೂಗಿಕೊಳ್ಳುತ್ತಿತ್ತು. ಅದನ್ನು ತೆಗೆಯಲು ನಾನು ತಲೆ ತಗ್ಗಿಸಿದುದು ಒಂದೆರಡು ಕ್ಷಣ ಮಾತ್ರ. ತಲೆಯೆತ್ತಿದರೆ, ಹಿಂಬದಿಯಲ್ಲಿ ದೀಪವಿಲ್ಲದ ರಾಗಿಹುಲ್ಲಿನ ಟ್ರ್ಯಾಕ್ಟರೊಂದು ಎದುರಿಗೇ ನಿಂತಂತಿತ್ತು! ಬ್ರೇಕು ಹಿಡಿಯಿತು; ನಾನು ಉಳಿದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆಂಬ ಲೆಕ್ಕವನ್ನು ಶಾಲೆಯಲ್ಲಿ ಎಷ್ಟು ಸಲ ಮಾಡಿಸಿದ್ದೆನೋ! ಅದರ ಅರ್ಥ ತಿಳಿದುದು ಆ ದಿನ.

ರಿಪೇರಿಯ ಅಂಗಡಿಯವರು, "ಸ್ಟೀರಿಯೋನೇ ಬದಲಾಯಿಸಬೇಕು, ಸ್ವಾಮಿ" ಎಂದು ಸಾವಿರಾರು ರೂಪಾಯಿಗಳ ಪಟ್ಟಿಯನ್ನು ಮುಂದಿಟ್ಟರು. ಹಣ ಹೊಂದಿಸುತ್ತಿರುವಾಗ ಪಕ್ಕದ ಮಗ್ಗದ ಮನೆಯ ಹುಡುಗ ಬಂದು ನಮ್ಮ ಅಂಗಳದಲ್ಲಿಯೇ ಕಾರನ್ನು ಚಾಲೂ ಮಾಡಿ, ಪರದೆಯನ್ನು ನೋಡಿ ನಕ್ಕನು. "ಮೇಷ್ಟ್ರೇ, ನಿಮ್ಮ ಕಾರು ಅಮ್ಮಾವ್ರ ಫೋನಿನ ಜೊತೆ ಮಾತಾಡ್ತಾ ಇದೆ!"

ವಿಷಯವಿಷ್ಟೆ. ಹಿಂದಿನ ವಾರ ಘಾಟಿ ಸುಬ್ರಹ್ಮಣ್ಯಕ್ಕೆ ಹೋದಾಗ, ಹಾಡು ಕೇಳುವ ಆಸೆಯಿಂದ ನನ್ನಾಕೆ ತನ್ನ ಫೋನನ್ನು ಕಾರಿಗೆ ಪರಿಚಯಿಸಿದ್ದಳು. ಅಂದಿನಿಂದ ಕಾರು ಹೊರಡುವಾಗಲೆಲ್ಲ ಪಡಸಾಲೆಯಲ್ಲಿದ್ದ ಆ ಫೋನಿಗೇ ಮೊದಲು ಕೈಚಾಚುತ್ತಿತ್ತು; ಬೀದಿಯ ತಿರುವು ದಾಟಿದೊಡನೆ ನಂಟು ಹರಿದು ಮೌನ ತಾಳುತ್ತಿತ್ತು.

ಈ ನಂಟಿನ ಹೆಸರು ಬ್ಲೂಟೂತ್, ಎಂದರೆ ನೀಲಿ ಹಲ್ಲು. ಡೇನರನ್ನೂ ನಾರ್ವೆಯವರನ್ನೂ ಒಂದುಗೂಡಿಸಿದನೆಂದು ಪ್ರಸಿದ್ಧನಾದ, 10ನೆಯ ಶತಮಾನದ ದೊರೆ ಹೆರಾಲ್ಡನ ಅಡ್ಡಹೆಸರದು. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಮೊಳೆತ ಈ ವಿದ್ಯೆ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳಲ್ಲಿ ನಡೆಯುತ್ತದೆ. ಫೋನುಗಳಲ್ಲಿ ಅದರ ಹರವು ಸಾಮಾನ್ಯವಾಗಿ ಹತ್ತು ಮೀಟರಿನ ಆಸುಪಾಸು. ಅಂಗಳದಿಂದ ಪಡಸಾಲೆಗೆ ಧಾರಾಳವಾಗಿ ಸಾಲುತ್ತದೆ.

ಮೊದಲ ಪರಿಚಯದಲ್ಲಿ ಕಾರೂ ಫೋನೂ ಸೇರಿ ಒಂದು ಗುಪ್ತ ಸಂಕೇತವನ್ನು ಹೊಸೆದು, ಎರಡೂ ಅದನ್ನು ನೆನಪಿನಲ್ಲಿಡುತ್ತವೆ. ಒಂದು ಮರೆತು ಇನ್ನೊಂದು ಮರೆಯದಿದ್ದರೆ, ಬೀಗ ಬದಲಾದ ಮನೆಗೆ ಹಳೆಯ ಕೀಲಿ ತಂದವನ ಪಾಡು. ಆದುದರಿಂದ ಫೋನಿನಲ್ಲಿ ಕಾರಿನ ಹೆಸರನ್ನೂ, ಕಾರಿನಲ್ಲಿ ಫೋನಿನ ಹೆಸರನ್ನೂ, ಎರಡು ಕಡೆಯೂ ಅಳಿಸಿ, ಎರಡನ್ನೂ ಒಮ್ಮೆ ಆರಿಸಿ ಹೊತ್ತಿಸಿ, ಹೊಸದಾಗಿ ಪರಿಚಯ ಮಾಡಿಸಬೇಕು. ಒಂದೇ ಕಡೆ ಅಳಿಸಿದರೆ ಜಗಳ ಮುಗಿಯದು. ಕಾರಿನ ಪಟ್ಟಿಯಲ್ಲಿ ಹಳೆಯ ಫೋನುಗಳು ತುಂಬಿದ್ದರೆ ಹೊಸದಕ್ಕೆ ಎಡೆಯಿರದು, ಅವುಗಳನ್ನೂ ಅಳಿಸಿರಿ.

ಹಾಡು ಬರುತ್ತದೆ, ಕರೆ ಬರುವುದಿಲ್ಲ ಎನ್ನುವವರುಂಟು. ಕರೆ, ಹಾಡು, ಹೆಸರುಗಳ ಪಟ್ಟಿ, ಈ ಮೂರಕ್ಕೂ ಬೇರೆಬೇರೆ ಅನುಮತಿಗಳಿವೆ. ಫೋನಿನ ಸೆಟ್ಟಿಂಗಿನಲ್ಲಿ ಕಾರಿನ ಹೆಸರನ್ನು ಒತ್ತಿ ನೋಡಿದರೆ ಯಾವುದು ಮುಚ್ಚಿದೆಯೆಂದು ತಿಳಿಯುವುದು. ದನಿ ತುಂಡುತುಂಡಾದರೆ ಫೋನನ್ನು ಹಿಂದಿನ ಜೇಬಿನಿಂದ ತೆಗೆದು ಮುಂದಿಡಿ. ನಮ್ಮ ಶರೀರವೂ ಆ ಅಲೆಗಳನ್ನು ಹೀರುತ್ತದೆ.

ಇಷ್ಟಾದರೂ ಫಲವಿಲ್ಲದಿದ್ದರೆ, ಹಣ ತೆರುವ ಮುನ್ನ ಇನ್ನೊಬ್ಬರ ಫೋನನ್ನು ಜೋಡಿಸಿ ನೋಡಿ. ಅದು ಮಾತನಾಡಿದರೆ ದೋಷ ನಿಮ್ಮ ಫೋನಿನಲ್ಲಿರುವ ಸಂಭವವೇ ಹೆಚ್ಚು. ಯಾವ ಫೋನೂ ಮಾತನಾಡದಿದ್ದರೆ ಮಾತ್ರ ಸ್ಟೀರಿಯೋವನ್ನು ಶಂಕಿಸಿ. ಕಾರನ್ನು ಮಾರುವಾಗಲೂ ಬಾಡಿಗೆಯ ಕಾರನ್ನು ಹಿಂದಿರುಗಿಸುವಾಗಲೂ ನಿಮ್ಮ ಫೋನಿನ ಗುರುತನ್ನು ಅಳಿಸಲು ಮರೆಯದಿರಿ. ನಿಮ್ಮ ಬಂಧುಮಿತ್ರರ ನಂಬರುಗಳು ಅದರಲ್ಲಿ ಉಳಿದುಬಿಡಬಹುದು.

ಈ ಉಪಚಾರಗಳೆಲ್ಲ ಕಾರು ನಿಂತಿರುವಾಗ ನಡೆಯತಕ್ಕವು. ಕೈಯಲ್ಲಿ ಫೋನು ಹಿಡಿದು ವಾಹನ ನಡೆಸುವುದು, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 184ನೆಯ ಕಲಮಿನಂತೆ ಅಪರಾಧ. ಕಾನೂನು ಸುಮ್ಮನಿದ್ದರೂ ರಾಗಿಹುಲ್ಲಿನ ಟ್ರ್ಯಾಕ್ಟರು ಸುಮ್ಮನಿರದು. ಫೋನು ಕೂಗಿದರೆ ಕೂಗಲಿ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಮಾತನಾಡಿದರಾಯಿತು.

ಅಂದು ಮಗಳು ಕರೆದುದೇಕೆಂದು ವಾಚಕರು ಕೇಳಬಹುದು. ನಿಲ್ದಾಣದಲ್ಲಿ ನಾನೂ ಕೇಳಿದೆ. "ಸಾಮಾನು ಬರೋದು ತಡವಾಗುತ್ತೆ, ಅವಸರ ಮಾಡ್ಬೇಡಿ, ನಿಧಾನವಾಗಿ ಬನ್ನಿ ಅಪ್ಪಾ ಅಂತ ಹೇಳೋಣಾಂತ ಮಾಡಿದ್ದೆ" ಎಂದಳು.