ಕ್ರಯಪತ್ರದಲ್ಲಿ ಕಾಣದ ಬಾಡಿಗೆದಾರ

ಮನೆ ಮಾರಾಟವಾದ ಮಾತ್ರಕ್ಕೆ ಬಾಡಿಗೆ ಕರಾರು ಬಿದ್ದುಹೋಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಕೊಂಡವರಿಗೆ ಹಳೆಯ ಮಾಲೀಕರ ಹಕ್ಕುಗಳು ಬರುತ್ತವೆ. ಬಾಡಿಗೆದಾರ ಬಯಸಿದರೆ ಹೊಣೆಗಳೂ ಬರುತ್ತವೆ. ಕರಾರಿನಲ್ಲೇ ಬೇರೆ ಷರತ್ತಿಲ್ಲದಿದ್ದರೆ, ಉಳಿದ ಅವಧಿಗೆ ಹೊಸ ಮಾಲೀಕರೂ ಬದ್ಧರು. ಮಾರಾಟದ ಸುದ್ದಿ ತಿಳಿಯದೆ ಹಳಬರಿಗೇ ಬಾಡಿಗೆ ಕೊಟ್ಟಿದ್ದರೆ ಅದನ್ನು ಎರಡನೇ ಸಲ ಕೊಡಬೇಕಿಲ್ಲ. ಅವಧಿ ಗೊತ್ತುಮಾಡದ ತಿಂಗಳ ಬಾಡಿಗೆಯಾದರೆ 106ನೇ ಕಲಮಿನ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಬೇಕು. ನೋಟಿಸಿನ ಗಡುವು ಮುಗಿದರೂ ಒಪ್ಪದವರನ್ನು ಖಾಲಿ ಮಾಡಿಸುವುದು ಕೋರ್ಟಿನ ಕೆಲಸ, ಬೀಗ ಒಡೆಯುವವರದ್ದಲ್ಲ. ಬಲವಂತವಾಗಿ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ವಾಪಸು ಪಡೆಯಲು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ದಾರಿ ಕೊಡುತ್ತದೆ.

ಹೀಗಿದ್ದೂ ತುಮಕೂರಿನ ಎಸ್.ಎಸ್. ಪುರಂ, ಕ್ಯಾತ್ಸಂದ್ರಗಳಲ್ಲಾಗಲಿ, ಗುಬ್ಬಿ, ಕುಣಿಗಲ್ ಪೇಟೆಗಳಲ್ಲಾಗಲಿ "ಮನೆ ಕೊಟ್ಟುಬಿಟ್ಟಿದ್ದೀವಿ, ತಿಂಗಳೊಪ್ಪತ್ತಲ್ಲಿ ಖಾಲಿ ಮಾಡಿ" ಎಂಬ ಮಾತೇ ಕಾನೂನಿನಂತೆ ನಡೆಯುತ್ತದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರ ದಂಡು, ಇವೆಲ್ಲ ಸೇರಿ ಈ ಭಾಗದಲ್ಲಿ ಮನೆಗೂ ನಿವೇಶನಕ್ಕೂ ಗಿರಾಕಿ ಹುಟ್ಟಿಸಿವೆ. ಗಿರಾಕಿ ಹೆಚ್ಚಿದಲ್ಲಿ ಕೈ ಬದಲಾಗುವ ಮನೆಗಳೂ ಹೆಚ್ಚು.

ಬಾಡಿಗೆದಾರರಿಗೆಂದೇ ಒಂದು ರಾಜ್ಯ ಕಾನೂನು ಇದೆಯಲ್ಲ ಎನ್ನಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಕೊನೆಯ ದಿನ. ಅದರ ಮೊದಲ ಅನುಸೂಚಿಯ ಎ ಭಾಗದ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅದು ಅನ್ವಯಿಸುವುದೇ ಇಲ್ಲ. ಎರಡು ದಶಕದ ಹಿಂದಿನ ಈ ಮಿತಿಯೊಳಗೆ ಇಂದು ಸಿಗುವ ಮನೆ ಎಂಥದ್ದೆಂದು ಬ್ರೋಕರುಗಳನ್ನೇ ಕೇಳಬೇಕು. ಅಂಗಡಿಗಳಲ್ಲಂತೂ 14 ಚದರ ಮೀಟರಿಗಿಂತ ದೊಡ್ಡವೆಲ್ಲ ಹೊರಗೆ. ಹಿಂದಿನ ಬಾಡಿಗೆದಾರನಿಗೆ ಗುಡ್‌ವಿಲ್ ಕೊಟ್ಟು ಬಿ.ಎಚ್. ರಸ್ತೆಯಲ್ಲಿ ಅಂಗಡಿ ಹಿಡಿದವರ ಆ ಹಣಕ್ಕೆ ಯಾವ ಕಾನೂನಿನಲ್ಲೂ ಜಾಗವಿಲ್ಲ.

ನಿಜವಾದ ಪೆಟ್ಟು ಬೀಳುವುದು ಭೋಗ್ಯದವರಿಗೆ. ಐದೋ ಹತ್ತೋ ಲಕ್ಷವನ್ನು ಒಂದೇ ಗಂಟಾಗಿ ಮಾಲೀಕರ ಕೈಗಿಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸ. ಅವಧಿ ಮುಗಿದ ಮೇಲೆ ಬಡ್ಡಿಯಿಲ್ಲದೆ ಅಸಲು ವಾಪಸು. ಊರಿನವರು ಇದನ್ನು ಲೀಸ್ ಎನ್ನುತ್ತಾರೆ. ಕಾನೂನಿನ ಕಣ್ಣಿಗೆ ಇದು ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಂ ಹೇಳುವ ಭೋಗ್ಯ ಅಡಮಾನಕ್ಕೇ ಹೆಚ್ಚು ಹತ್ತಿರ. ಅಡಮಾನದ ಹಣ ನೂರು ರೂಪಾಯಿ ದಾಟಿದರೂ ಪತ್ರ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು ಎನ್ನುತ್ತದೆ 59ನೇ ಕಲಂ. ಹತ್ತು ಲಕ್ಷದ ವ್ಯವಹಾರ ನಡೆಯುವುದು ಮಾತ್ರ 11 ತಿಂಗಳ ಬಾಂಡ್ ಪೇಪರಿನ ಮೇಲೆ, ನೋಟರಿಯ ಮುದ್ರೆಯ ಭರವಸೆಯಲ್ಲಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಹುಟ್ಟಿದ ಉಪಾಯ ಈ 11 ತಿಂಗಳು. ನೋಂದಣಿಯಾಗಿದ್ದರೆ ಭೋಗ್ಯ ಋಣಭಾರ ಪತ್ರದಲ್ಲಿ ಕಾಣುತ್ತಿತ್ತು, ಮನೆ ಯಾರ ಕೈಗೆ ಹೋದರೂ ಹಣ ತೀರುವವರೆಗೆ ಸ್ವಾಧೀನ ಉಳಿಯುತ್ತಿತ್ತು. ಆಗದಿದ್ದರೆ ಭೋಗ್ಯದವರು ಹಳೆಯ ಮಾಲೀಕರ ಹಿಂದೆ ಅಲೆಯುವ, ಸಾಲ ಕೊಟ್ಟವರ ಸಾಲಿಗೆ ಸೇರುತ್ತಾರೆ.

ಇತ್ತ ಕ್ರಯಪತ್ರದಲ್ಲಿ "ಸ್ವತ್ತಿನ ಮೇಲೆ ಯಾವ ಋಣಭಾರವೂ ಇಲ್ಲ, ಈ ದಿನವೇ ಸ್ವಾಧೀನ ಕೊಟ್ಟಿರುತ್ತೇನೆ" ಎಂದು ಬರೆಸುವುದು ರೂಢಿ. ಅದೇ ಹೊತ್ತಿಗೆ ಆ ಮನೆಯ ಅಡುಗೆಕೋಣೆಯಲ್ಲಿ ಭೋಗ್ಯದವರ ಕುಕ್ಕರ್ ಕೂಗುತ್ತಿರುತ್ತದೆ. ವಾಸವಿರುವವರಿಗೆ ಏನೇನು ಹಕ್ಕಿದೆಯೋ ಅದು ಕೊಳ್ಳುವವರಿಗೆ ಗೊತ್ತಿತ್ತೆಂದೇ ಭಾವಿಸಬೇಕು ಎನ್ನುತ್ತದೆ ಕಾಯ್ದೆಯ 3ನೇ ಕಲಂ. "ನಮಗೆ ಗೊತ್ತೇ ಇರಲಿಲ್ಲ" ಎಂಬ ಕೊಂಡವರ ಸಬೂಬು ಇದರ ಮುಂದೆ ನಿಲ್ಲುವುದಿಲ್ಲ. ಆದರೆ ನೋಂದಣಿಯಿಲ್ಲದ ಭೋಗ್ಯಕ್ಕೇ ತೂಕವಿಲ್ಲದಿರುವಾಗ ಗೊತ್ತಿದ್ದುದರಿಂದ ಆಗುವ ಲಾಭ ಅಷ್ಟಕ್ಕಷ್ಟೆ.

ಮಾಲೀಕತ್ವ ಬದಲಾಗುವುದು ಬ್ಯಾಂಕಿನ ಹರಾಜಿನಿಂದಾದರೆ ಸಂಕಟ ಇನ್ನೂ ಹೆಚ್ಚು. ಗೃಹಸಾಲವಿರುವ ಮನೆಯನ್ನು ಮಾಲೀಕರು ಬಾಡಿಗೆಗೆ ಕೊಡಬಹುದು. ಆದರೆ ಮುಂಗಡ ಬಾಡಿಗೆ, ಇಡುಗಂಟು ಪಡೆಯಕೂಡದು, ಕಟ್ಟಡದ ಗುತ್ತಿಗೆ ಮೂರು ವರ್ಷ ಮೀರಕೂಡದು ಎಂಬ ಷರತ್ತುಗಳು 65-ಎ ಕಲಮಿನಲ್ಲಿವೆ. ಭೋಗ್ಯವೆಂದರೇ ಇಡುಗಂಟು. ನೋಂದಣಿಯಿಲ್ಲದ ಅಥವಾ ಬಾಯಿಮಾತಿನ ಕರಾರನ್ನು ನಂಬಿದವರು ಬ್ಯಾಂಕುಗಳ ಸಾಲ ವಸೂಲಿಗಿರುವ ಸರ್ಫೇಸಿ ಕಾಯ್ದೆಯಡಿಯ ಜಪ್ತಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದ ರಕ್ಷಣೆ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2019ರ ಬಜರಂಗ್ ಶ್ಯಾಮ್‌ಸುಂದರ್ ಅಗರ್ವಾಲ್ ಪ್ರಕರಣದಲ್ಲಿ ಹೇಳಿದೆ. ಅಳಲು ತೋಡಿಕೊಳ್ಳಲು ಗುಬ್ಬಿಯ ಕುಟುಂಬ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು.

ಪತ್ರ ನೋಂದಾಯಿಸದಿರುವುದಕ್ಕೆ ಮಾಲೀಕರ ಕಡೆಯ ಉತ್ತರವೂ ಇದೆ. ಬಾಡಿಗೆದಾರರ ಹೆಸರು ದಾಖಲೆಗೆ ಬಂದರೆ ಮನೆ ಬಿಡುವುದಿಲ್ಲ, ಮನೆಗೆ ಬೆಲೆಯೂ ಬರುವುದಿಲ್ಲ ಎಂಬುದು ಅವರ ಭಯ. 1961ರ ಹಳೆಯ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಆ ಭಯಕ್ಕೆ ಆಧಾರವಿತ್ತು. ಈಗ ಅವಧಿ ಬರೆದ ನೋಂದಾಯಿತ ಪತ್ರವೇ ಮಾಲೀಕರಿಗೂ ದೊಡ್ಡ ಆಸರೆ. ಕುಣಿಗಲ್‌ನ ಕುದುರೆ ಫಾರಂ 1992ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋದಾಗ 30 ವರ್ಷದ ಅವಧಿ, ಷರತ್ತು ಎಲ್ಲ ಕಾಗದದಲ್ಲಿದ್ದವು. ದೊಡ್ಡವರ ಗುತ್ತಿಗೆಗೆ ಸಿಗುವ ಕಾಗದ ಸಣ್ಣವರ ಭೋಗ್ಯಕ್ಕೆ ಸಿಗದಿರುವುದಕ್ಕೆ ಕಾರಣ ಖರ್ಚು: ಭೋಗ್ಯದ ಮೊತ್ತದ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಮುದ್ರಾಂಕ ಶುಲ್ಕ ಬೀಳುತ್ತದೆ. ಮತ್ತೆ ವಾಪಸಾಗುವ ಹಣಕ್ಕೆ ಅಷ್ಟು ತೆರಲು ಯಾರೂ ಮುಂದೆ ಬರುವುದಿಲ್ಲ. ವಾಸದ ಮನೆಯ ಭೋಗ್ಯಕ್ಕೆ ಕೆಲವು ನೂರು ರೂಪಾಯಿಯ ಒಂದೇ ಶುಲ್ಕ ಇಟ್ಟರೆ ಸರ್ಕಾರ ಕಳೆದುಕೊಳ್ಳುವುದು ಕಡಿಮೆ, ಏಕೆಂದರೆ ಈಗ ಹೆಚ್ಚಿನವರು ನೋಂದಣಿ ಕಚೇರಿಯ ಮೆಟ್ಟಿಲನ್ನೇ ಹತ್ತುತ್ತಿಲ್ಲ.

ಕ್ರಯಪತ್ರ ನೋಂದಾಯಿಸುವಾಗ ಮನೆಯಲ್ಲಿ ಯಾರಿದ್ದಾರೆ, ಅವರ ಅಡ್ವಾನ್ಸ್ ಅಥವಾ ಭೋಗ್ಯದ ಹಣ ಎಷ್ಟು, ಅದನ್ನು ಹಿಂದಿರುಗಿಸುವವರು ಯಾರು ಎಂಬ ಹೇಳಿಕೆಯನ್ನು ವಾಸವಿರುವವರ ಸಹಿಯೊಂದಿಗೆ ಕಡ್ಡಾಯ ಮಾಡಬೇಕು. ವಾಸಕ್ಕೆ ಪುರಾವೆ ಹುಡುಕುವುದು ಕಷ್ಟವಲ್ಲ. 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಗೆ ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಿದ್ದಾರೆ. 109ನೇ ಕಲಂ ಅಡ್ವಾನ್ಸಿನ ಹೆಸರನ್ನೇ ಎತ್ತದಿರುವುದರಿಂದ, ಆ ಹಣದ ಹೊಣೆ ಮನೆಯ ಜೊತೆಗೇ ಹೋಗುತ್ತದೆ ಎಂಬ ಸಾಲನ್ನೂ ಸೇರಿಸಬೇಕು. ಕೃಷಿ ಜಮೀನು ಬಿಟ್ಟು ಉಳಿದ ಸ್ವತ್ತಿನ ವರ್ಗಾವಣೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಅಂಕಿತ ಪಡೆದು ಈ ತಿದ್ದುಪಡಿಯನ್ನು ರಾಜ್ಯದ ಶಾಸಕಾಂಗವೇ ತರಬಹುದು.