ಉಮೇದುವಾರರ ಆಯ್ಕೆ: ಜಾತಿಯ ಲೆಕ್ಕವೂ ಸ್ತ್ರೀಯರ ಪಾಲೂ

ಚುನಾವಣೆಯ ಕಾಲವು ಸಮೀಪಿಸಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪೇಟೆಬೀದಿಗಳಲ್ಲಿ ನಡೆಯುವ ಗಣಿತವನ್ನು ನಮ್ಮ ವಾಚಕರಲ್ಲಿ ಅನೇಕರು ಕಿವಿಯಾರೆ ಕೇಳಿದವರೇ ಆಗಿರುವರು. ಬಂಟರ ಮತಗಳೆಷ್ಟು, ಬಿಲ್ಲವರ ಮತಗಳೆಷ್ಟು, ಮೊಗವೀರರು ಯಾವ ಕಡೆಗೆ ವಾಲುವರು, ದೇವಾಡಿಗರೂ ಬ್ರಾಹ್ಮಣರೂ ಕ್ರೈಸ್ತರೂ ಮುಸಲ್ಮಾನರೂ ಏನು ಮಾಡುವರು ಎಂಬುದನ್ನು ಕೂಡಿಸಿ ಕಳೆದು, ಕೊನೆಗೆ ಉಳಿದ ಶೇಷಕ್ಕೆ ಉಮೇದುವಾರನೆಂದು ಹೆಸರಿಡುವ ಈ ಪದ್ಧತಿಯು ಯಾವ ಒಂದು ಪಕ್ಷದ ಸ್ವತ್ತೂ ಅಲ್ಲ. ಎಲ್ಲರೂ ಅದನ್ನು ಬಾಯಲ್ಲಿ ನಿಂದಿಸಿ ಕೈಯಲ್ಲಿ ಆಚರಿಸುತ್ತಾರೆ.

ಈ ಲೆಕ್ಕವನ್ನು ಬೇರುಸಹಿತ ಕಿತ್ತೆಸೆಯಬೇಕೆಂದು ಉಪದೇಶಿಸುವುದು ನಮ್ಮ ಉದ್ದೇಶವಲ್ಲ. ಹೊಲ, ಹಣ, ವಿದ್ಯೆಗಳು ಕೆಲವೇ ಮನೆತನಗಳಲ್ಲಿ ಕೂಡಿಬಿದ್ದಿದ್ದ ನಾಡಿನಲ್ಲಿ ಸಂಖ್ಯಾಬಲವೊಂದೇ ಇತರರಿಗೆ ಬಾಗಿಲು ತೆರೆದ ಬೀಗದಕೈಯಾಯಿತೆಂಬುದನ್ನು ಮರೆಯಲಾಗದು. ಬೈಂದೂರಿನಿಂದ ಶ್ರೀ ಕೆ. ಗೋಪಾಲ ಪೂಜಾರಿಯವರು 1999, 2004 ಮತ್ತು 2013ರಲ್ಲಿ ವಿಧಾನಸಭೆಗೆ ಆರಿಸಿ ಬಂದರು. ಕೋಟತಟ್ಟು ಗ್ರಾಮ ಪಂಚಾಯತಿಯ ಸದಸ್ಯತ್ವದಿಂದ ಆರಂಭಿಸಿದ ಶ್ರೀ ಕೋಟ ಶ್ರೀನಿವಾಸ ಪೂಜಾರಿಯವರು ವಿಧಾನ ಪರಿಷತ್ತನ್ನೂ ಮಂತ್ರಿಪದವಿಯನ್ನೂ ದಾಟಿ 2024ರಲ್ಲಿ ಲೋಕಸಭೆಯನ್ನು ಪ್ರವೇಶಿಸಿದರು. ಇವರ ಪಕ್ಷಗಳು ಬೇರೆ ಬೇರೆ. ಆದರೆ ಇಂತಹವರಿಗೆ ಟಿಕೇಟು ಸಿಕ್ಕುವಲ್ಲಿ ಜಾತಿಯ ಲೆಕ್ಕವು ನೆರವಾಗಲಿಲ್ಲವೆಂದು ಯಾರೂ ಹೇಳಲಾರರು, ನೆರವಾದುದು ತಪ್ಪೆಂದು ನಾವೂ ಹೇಳಲಾರೆವು.

ನಮ್ಮ ಆಕ್ಷೇಪಣೆಯು ಬೇರೆಯದು. ಈ ಗಣಿತದಲ್ಲಿ ಜಾತಿಯೆಂದರೆ ಜಾತಿಯ ಗಂಡಸರು ಮಾತ್ರ. ಬಂಟರಿಗೊಂದು, ಬಿಲ್ಲವರಿಗೊಂದು, ಮೊಗವೀರರಿಗೊಂದು ಎಂದು ಸ್ಥಾನಗಳನ್ನು ಹಂಚುವಾಗ ಆ ಸಮಾಜಗಳ ಅರ್ಧಭಾಗವು ಮತಗಳ ಲೆಕ್ಕಕ್ಕೆ ಉಂಟು, ಸ್ಥಾನಗಳ ಲೆಕ್ಕಕ್ಕೆ ಇಲ್ಲ. ಕುಂದಾಪುರವನ್ನೇ ನೋಡಿರಿ. 1983ರಿಂದ ನಾಲ್ಕು ಬಾರಿ ಶ್ರೀ ಪ್ರತಾಪಚಂದ್ರ ಶೆಟ್ಟರು, 1999ರಿಂದ ಐದು ಬಾರಿ ಶ್ರೀ ಹಾಲಾಡಿ ಶ್ರೀನಿವಾಸ ಶೆಟ್ಟರು, 2023ರಲ್ಲಿ ಶ್ರೀ ಕಿರಣ್ ಕುಮಾರ್ ಕೊಡ್ಗಿಯವರು. ನಾಲ್ವತ್ತು ವರ್ಷಗಳಲ್ಲಿ ಮೂವರೇ ಶಾಸಕರು, ಮೂವರೂ ಪುರುಷರು. ಇವರ ಯೋಗ್ಯತೆಯ ಚರ್ಚೆ ಇಲ್ಲಿ ಅಪ್ರಸ್ತುತ. ಆದರೆ 2023ರ ಚುನಾವಣೆಯಲ್ಲಿ ಉಡುಪಿ ಜಿಲ್ಲೆಯ ಐದು ಕ್ಷೇತ್ರಗಳಿಗೆ ಕಾಂಗ್ರೆಸ್ಸೂ ಭಾರತೀಯ ಜನತಾ ಪಕ್ಷವೂ ನಿಲ್ಲಿಸಿದ ಹತ್ತು ಜನರಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲವೆಂಬುದು ಯಾರೊಬ್ಬರ ಯೋಗ್ಯತೆಯಿಂದಲೂ ಸಮರ್ಥಿಸಿಕೊಳ್ಳತಕ್ಕ ಸಂಗತಿಯಲ್ಲ.

ಕೇಳಿದರೆ ಪಕ್ಷದ ಮುಖಂಡರು ಕೊಡುವ ಉತ್ತರವು ಸಿದ್ಧವಾಗಿದೆ: "ನಾವೇನೋ ಕೊಡಲು ಸಿದ್ಧರು, ಜನರು ಒಪ್ಪಬೇಕಲ್ಲ?" ಜನರು ಒಪ್ಪಿದ್ದಾರೆ ಸ್ವಾಮಿ. 1972ರಲ್ಲಿ ಇದೇ ಕುಂದಾಪುರವು ಶ್ರೀಮತಿ ವಿನಿಫ್ರೆಡ್ ಫೆರ್ನಾಂಡಿಸರನ್ನು ವಿಧಾನಸಭೆಗೆ ಕಳುಹಿಸಿತು. ಸ್ತ್ರೀಯೆಂಬುದೂ ಅಡ್ಡಿಯಾಗಲಿಲ್ಲ, ಅಲ್ಪಸಂಖ್ಯಾತರಾದ ಕ್ರೈಸ್ತರೆಂಬುದೂ ಅಡ್ಡಿಯಾಗಲಿಲ್ಲ. 2004ರಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಸೇರಿದ್ದ ಉಡುಪಿ ಲೋಕಸಭಾ ಕ್ಷೇತ್ರವು ಶ್ರೀಮತಿ ಮನೋರಮಾ ಮಧ್ವರಾಜರನ್ನು ಆರಿಸಿತು. 2014ರಲ್ಲಿಯೂ 2019ರಲ್ಲಿಯೂ ಉಡುಪಿ-ಚಿಕ್ಕಮಗಳೂರು ಕ್ಷೇತ್ರದಿಂದ ಶ್ರೀಮತಿ ಶೋಭಾ ಕರಂದ್ಲಾಜೆಯವರು ಗೆದ್ದರು. ಅಂದಮೇಲೆ ಹೆಂಗಸೆಂಬ ಒಂದೇ ಕಾರಣಕ್ಕೆ ಸೋಲಿಸುವ ಮತದಾರನನ್ನು ಈ ಮುಖಂಡರು ಎಲ್ಲಿ ಕಂಡರೋ ತಿಳಿಯದು. ಬಾಗಿಲು ಮುಚ್ಚಿರುವುದು ಮತಗಟ್ಟೆಯಲ್ಲಲ್ಲ. ಅದಕ್ಕೂ ಆರು ವಾರ ಮೊದಲು, ಹೆಸರುಗಳನ್ನು ಬರೆಯುವ ಕೋಣೆಯಲ್ಲಿ.

ಈ ಕರಾವಳಿಗಂತೂ ಇಂತಹ ನೆವವು ಮತ್ತಷ್ಟು ಅಶೋಭನೀಯ. ಈ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1926ರಲ್ಲಿ, ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ಮದ್ರಾಸು ಶಾಸನಸಭೆಗೆ ಸ್ಪರ್ಧಿಸಿದರು. ಸ್ವಲ್ಪ ಮತಗಳ ಅಂತರದಲ್ಲಿ ಸೋತರೂ ಭಾರತದಲ್ಲಿ ಶಾಸನಸಭೆಗೆ ನಿಂತ ಪ್ರಥಮ ಸ್ತ್ರೀ ಎಂಬ ಖ್ಯಾತಿಗೆ ಪಾತ್ರರಾದರು. ಮೇಲಾಗಿ ಇದು ಅಳಿಯಸಂತಾನದ ನಾಡು. ಇಲ್ಲಿಯ ನಾಡವರೂ ಬಿಲ್ಲವರೂ ಮೊಗವೀರರೂ ತಾಯಿಯ ಕಡೆಯಿಂದ ಬಳಿಯನ್ನು ಎಣಿಸಿದವರು, ಮನೆತನದ ಆಸ್ತಿಯು ಹೆಣ್ಣಿನ ಸಂತತಿಗೆ ಇಳಿಯುವುದನ್ನು ಧರ್ಮವೆಂದು ನಂಬಿದವರು. ಗಂಗೊಳ್ಳಿಯಲ್ಲಿ ಮೀನಿನ ಬುಟ್ಟಿಯನ್ನು ಹೊತ್ತು ಊರೂರಿಗೆ ವ್ಯಾಪಾರಕ್ಕೆ ನಡೆದವರೂ, ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿ ಸಂಸಾರವನ್ನು ಹೊರೆದವರೂ, ಗೇರುಬೀಜದ ಕಾರಖಾನೆಗಳಲ್ಲಿ ದುಡಿದವರೂ ಸ್ತ್ರೀಯರೇ. ಆಸ್ತಿಯೂ ದುಡಿಮೆಯೂ ಅವಳ ಮೂಲಕ ಬರಬಹುದು, ಟಿಕೇಟು ಮಾತ್ರ ಬರಲಾಗದೆಂಬುದು ಯಾವ ಸಂತಾನದ ಕಟ್ಟಳೆಯೋ!

ಅನುಭವವುಳ್ಳ ಸ್ತ್ರೀಯರಿಲ್ಲವೆಂಬ ಮಾತೂ ನಿಲ್ಲುವುದಿಲ್ಲ. ಕರ್ನಾಟಕವು 1983ರ ಕಾಯಿದೆಯ ಮೂಲಕ, ದೇಶದ ಸಂವಿಧಾನಕ್ಕಿಂತ ಮೊದಲೇ, ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ಕಾಲುಭಾಗ ಸ್ಥಾನಗಳನ್ನು ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆಗಳಾದುವು. 1993ರಲ್ಲಿ ಆ ಪಾಲು ಮೂರರಲ್ಲೊಂದಾಯಿತು, 2010ರ ತಿದ್ದುಪಡಿಯಿಂದ ಅರ್ಧವಾಯಿತು. ನಮ್ಮ ವಾಚಕರಲ್ಲಿ ಉಪಾಧ್ಯಾಯರೇ ಬಹುಮಂದಿ. ಒಂದು ತರಗತಿಯ ಹುಡುಗಿಯರು ಮೂವತ್ತೈದಕ್ಕೂ ಹೆಚ್ಚು ವರ್ಷ ಪರೀಕ್ಷೆಗೆ ಕುಳಿತು ತೇರ್ಗಡೆಯಾಗುತ್ತಲೇ ಇದ್ದು, ಮೇಲಿನ ತರಗತಿಯಲ್ಲಿ ಅವರ ಹೆಸರೇ ಕಾಣದಿದ್ದರೆ ಉಪಾಧ್ಯಾಯರು ಸಂಶಯಪಡಬೇಕಾದುದು ಹುಡುಗಿಯರನ್ನೋ, ರಿಜಿಸ್ಟರು ಬರೆಯುವವನನ್ನೋ? ಹೆಂಡತಿಯು ಅಧ್ಯಕ್ಷೆಯಾಗಿ ಗಂಡನು ಕುರ್ಚಿಯಲ್ಲಿ ಕುಳಿತ ಉದಾಹರಣೆಗಳನ್ನು ಕೆಲವರು ಎತ್ತಿ ನಗುವರು. ಅಂತಹವು ಇವೆ. ಆದರೆ ಗಂಡನು ಅತಿಕ್ರಮಿಸಿದ್ದಕ್ಕೆ ಹೆಂಡತಿಗೆ ಶಿಕ್ಷೆಯೆಂಬ ನ್ಯಾಯವನ್ನು ನಾವು ಬೇರೆಲ್ಲಿಯೂ ಕೇಳಿಲ್ಲ.

ಇನ್ನು ಈ ಗಣಿತದಲ್ಲಿ ಅಂಕಿಯೇ ಆಗದ ಜನರ ಮಾತು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕೊರಗರು ಈ ಮಣ್ಣಿನ ಅತಿ ಪ್ರಾಚೀನ ನಿವಾಸಿಗಳಲ್ಲಿ ಸೇರಿದವರು; ಅವರನ್ನು ಮನುಷ್ಯರಿಗಿಂತ ಕೀಳಾಗಿ ನಡೆಸುತ್ತಿದ್ದ ಅಜಲು ಪದ್ಧತಿಯನ್ನು ನಿಲ್ಲಿಸುವುದಕ್ಕೆ 2000ದಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳೂ ಸಾಮಾನ್ಯ ಕ್ಷೇತ್ರಗಳು. ಸಂಖ್ಯೆಯು ಅಲ್ಪವಾದುದರಿಂದ ಕೊರಗರ ಮತಕ್ಕಾಗಿ ಯಾರೂ ಟಿಕೇಟು ಕೊಡರು. ನೆರೆಯ ಉತ್ತರ ಕನ್ನಡದಲ್ಲಿ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಶ್ರೀ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತನ್ನು ಸೇರಿದುದು ಸಂತೋಷದ ವಿಷಯವೇ. ಆದರೆ ಅದು ನಾಮಕರಣದಿಂದ, ಚುನಾವಣೆಯಿಂದಲ್ಲ. ಹೀಗಿರಲು ಕೊರಗ ಸ್ತ್ರೀಯೊಬ್ಬಳ ಗತಿಯೇನು? ಜಾತಿಯ ಪಟ್ಟಿಯಲ್ಲಿ ಅವಳ ಸಂಖ್ಯೆ ಸಾಲದು, ಸ್ತ್ರೀಯರ ಪಟ್ಟಿಗೆ ಮನೆತನವುಳ್ಳವರೇ ಮೊದಲು ಬರುವರು.

ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. ಕುಂದಾಪುರವು ಶ್ರೀಮತಿ ಫೆರ್ನಾಂಡಿಸರನ್ನು ಆರಿಸಿದ 1972ರಲ್ಲಿಯೇ ಅಮೇರಿಕೆಯಲ್ಲಿ ಕರಿಯ ಜನಾಂಗದ ಶರ್ಲಿ ಚಿಶೋಮ್ ಎಂಬಾಕೆ ಅಧ್ಯಕ್ಷಪದವಿಗೆ ಡೆಮಾಕ್ರೆಟಿಕ್ ಪಕ್ಷದ ಉಮೇದುವಾರಿಕೆಯನ್ನು ಬಯಸಿದಳು. ತನ್ನ ವರ್ಣಕ್ಕಿಂತ ಹೆಣ್ಣುತನವೇ ತನಗೆ ಹೆಚ್ಚು ಅಡ್ಡಿಯಾಯಿತೆಂದು ಹೇಳಿಕೊಂಡಳು. 2008ರಲ್ಲಿ ಅದೇ ಪಕ್ಷದೊಳಗೆ ಬರಾಕ್ ಒಬಾಮರೂ ಹಿಲರಿ ಕ್ಲಿಂಟನ್ನರೂ ಎದುರೆದುರಾದಾಗ ವರ್ಣ ಮೊದಲೋ ಲಿಂಗ ಮೊದಲೋ ಎಂದು ಪತ್ರಿಕೆಗಳು ತಿಂಗಳುಗಟ್ಟಲೆ ವಾದಿಸಿದುವು. ಕರಿಯ ಹೆಂಗಸು ಯಾವ ಕಡೆಯವಳೆಂದು ಕೇಳಿದವರು ವಿರಳ.

ಲೋಕಸಭೆ, ವಿಧಾನಸಭೆಗಳಲ್ಲಿ ಮೂರರಲ್ಲೊಂದು ಸ್ಥಾನವನ್ನು ಸ್ತ್ರೀಯರಿಗೆ ಮೀಸಲಿಡುವ ಸಂವಿಧಾನದ ತಿದ್ದುಪಡಿಯು 2023ರಲ್ಲಿ ಅಂಗೀಕೃತವಾಯಿತು. ಜನಗಣತಿಯೂ ಕ್ಷೇತ್ರಗಳ ಪುನರ್ವಿಂಗಡಣೆಯೂ ಆದ ಬಳಿಕವೇ ಜಾರಿ ಎಂಬ ನಿಬಂಧನೆಯೊಡನೆ. ಪುನರ್ವಿಂಗಡಣೆಯೆಂದರೇನೆಂಬುದನ್ನು ಬ್ರಹ್ಮಾವರದವರು ಬಲ್ಲರು: 2008ರಲ್ಲಿ ಅವರ ಕ್ಷೇತ್ರವೇ ಮಾಯವಾಗಿ ಉಡುಪಿ, ಕುಂದಾಪುರಗಳಿಗೆ ಹಂಚಿಹೋಯಿತು. ಅಷ್ಟರ ತನಕ ಕಾದಿರಬೇಕಾದ ಅಗತ್ಯವು ಪಕ್ಷಗಳಿಗಿಲ್ಲ. ಟಿಕೇಟು ಕೊಡುವುದಕ್ಕೆ ಯಾವ ತಿದ್ದುಪಡಿಯೂ ಬೇಡ. ಆದುದರಿಂದ ನಮ್ಮ ಕೋರಿಕೆಯು ಇಷ್ಟು: ಮುಂದಿನ ವಿಧಾನಸಭಾ ಚುನಾವಣೆಗೆ ಕುಂದಾಪುರ, ಬೈಂದೂರುಗಳೆರಡರಲ್ಲಿ ಒಂದಕ್ಕಾದರೂ ಪ್ರತಿಯೊಂದು ದೊಡ್ಡ ಪಕ್ಷವು ಪಂಚಾಯತಿಯಲ್ಲಿ ಕೆಲಸಮಾಡಿದ ಸ್ತ್ರೀಯೊಬ್ಬಳನ್ನು ನಿಲ್ಲಿಸತಕ್ಕದ್ದು, ಪರಿಶೀಲನೆಗೆ ಬಂದ ಹೆಸರುಗಳನ್ನೆಲ್ಲ, ಕೈಬಿಟ್ಟ ಕಾರಣಸಹಿತ, ಟಿಕೇಟು ಹಂಚುವ ಮುನ್ನ ತಾಲೂಕು ಸಮಿತಿಗಳು ಪ್ರಕಟಿಸತಕ್ಕದ್ದು. ಮುಖಂಡರು ಮತ ಯಾಚಿಸಲು ಮನೆಯಂಗಳಕ್ಕೆ ಬಂದಾಗ ಆ ಪಟ್ಟಿಯೆಲ್ಲಿ ಎಂದು ಕೇಳುವ ಕೆಲಸವು ವಾಚಕರದು.